ಸಮುದ್ರದ ನೀರನ್ನು ಸಿಹಿ ಮಾಡಿದ ಮೇಲೆ ಆ ಉಪ್ಪು ಎಲ್ಲಿಗೆ ಹೋಗುತ್ತದೆ?

ಬಾವಿಕಪ್ಪೆ
ಪೆದ್ದು ಪ್ರಶ್ನೆ ಅನ್ನಿಸಿದರೆ ಬೈಯಬೇಡಿ. ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುವ ನೀರು ಮಾಡುತ್ತಾರೆ, ಅಲ್ವಾ? ತೆಗೆದ ಉಪ್ಪು ಎಲ್ಲಿಗೆ ಹೋಗುತ್ತದೆ? ಮೊನ್ನೆ ಒಂದು ಕಡೆ ಓದಿದೆ, ಅದನ್ನು ವಾಪಸ್ ಕಡಲಿಗೇ ಬಿಡುತ್ತಾರಂತೆ, ಮೀನೆಲ್ಲ ಸಾಯುತ್ತವಂತೆ. ಇನ್ನೊಂದು ಕಡೆ, ಅಷ್ಟು ದೊಡ್ಡ ಸಮುದ್ರಕ್ಕೆ ಇದು ಯಾವ ಮೂಲೆಗೆ ಅಂತ ಬರೆದಿದ್ದರು. ಇಬ್ಬರೂ ಒಂದೇ ಒಂದು ಅಂಕಿ ಕೊಟ್ಟಿಲ್ಲ. ಗೊತ್ತಿರುವವರು ಹೇಳಿ. ಉಪ್ಪಿನ ಕಥೆ ಮಾತ್ರ ಅಲ್ಲ, ಕರೆಂಟು, ಮೀನು, ಕೆಮಿಕಲ್ ಎಲ್ಲ ಸೇರಿಸಿ.

ತೆರೆನೊರೆ
ನಾನು ಎರಡನೆಯವರ ಪಕ್ಷ. ಉಪ್ಪು ಸಮುದ್ರದ್ದೇ, ವಾಪಸ್ ಹೋಗುವುದೂ ಅಲ್ಲಿಗೇ. ನಾವು ಕುಡಿದು ಬಿಟ್ಟ ನೀರೂ ಚರಂಡಿ ಹಿಡಿದು ಕೊನೆಗೆ ಅಲ್ಲಿಗೇ ಸೇರುತ್ತದೆ. ಬಿಸಿಲಿಗೆ ದಿನಾ ಎಷ್ಟು ನೀರು ಆವಿಯಾಗುತ್ತದೆ ಯೋಚಿಸಿ. ಆಗ ಹಿಂದೆ ಉಳಿಯುವ ಉಪ್ಪಿನ ಬಗ್ಗೆ ಯಾರೂ ಗಲಾಟೆ ಮಾಡುವುದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಇದು.

ಲೆಕ್ಕದಮೇಷ್ಟ್ರು
ಮೊದಲು ಅಂಕಿ ಇಟ್ಟುಕೊಳ್ಳೋಣ, ಆಮೇಲೆ ಜಗಳ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಆರ್‌ಒ ಪ್ಲಾಂಟು (ಒತ್ತಡ ಹಾಕಿ ನೀರನ್ನು ತೆಳು ಪೊರೆಯ ಮೂಲಕ ದಾಟಿಸಿ ಉಪ್ಪನ್ನು ತಡೆಯುವಂಥದ್ದು) ಎರಡು ಲೀಟರ್ ಎಳೆದುಕೊಂಡರೆ ಹೆಚ್ಚೆಂದರೆ ಒಂದು ಲೀಟರ್ ಸಿಹಿನೀರು ಬರುತ್ತದೆ, ಎಷ್ಟೋ ಕಡೆ ಅದೂ ಇಲ್ಲ. ಎರಡೂ ಲೀಟರಿನ ಉಪ್ಪು ಉಳಿದ ಒಂದು ಲೀಟರಿನಲ್ಲಿ ಕೂರುತ್ತದೆ. ಅಂದರೆ 70 ಗ್ರಾಂ ಹತ್ತಿರ. ಇದಕ್ಕೆ ಬ್ರೈನ್ ಅನ್ನುತ್ತಾರೆ. ಅದು ಉಪ್ಪಿನ ರಾಶಿ ಅಲ್ಲ, ಡಬಲ್ ಉಪ್ಪಿರುವ ನೀರು. ಬಾವಿಕಪ್ಪೆಯವರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೆಚ್ಚಿನ ಕಡೆ ಅದು ಪೈಪಿನಲ್ಲಿ ಸಮುದ್ರಕ್ಕೇ ಹೋಗುತ್ತದೆ.

ಎಷ್ಟು? ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದ್ದರು. ಆಗ ಜಗತ್ತಿನಲ್ಲಿ ಓಡುತ್ತಿದ್ದ ಪ್ಲಾಂಟುಗಳು 15,906. ದಿನಕ್ಕೆ 9.5 ಕೋಟಿ ಘನ ಮೀಟರ್ ಸಿಹಿನೀರು, 14.2 ಕೋಟಿ ಘನ ಮೀಟರ್ ಬ್ರೈನ್. ಒಂದು ಲೀಟರ್ ಕುಡಿಯುವ ನೀರಿಗೆ ಒಂದೂವರೆ ಲೀಟರ್ ಬ್ರೈನ್ ಅಂದ ಹಾಗಾಯ್ತು. (ಇದರಲ್ಲಿ ಸವಳು ನೀರಿನ ಪ್ಲಾಂಟುಗಳೂ ಸೇರಿವೆ, ಎಲ್ಲವೂ ಸಮುದ್ರದ್ದಲ್ಲ.) ಈ ಬ್ರೈನಿನಲ್ಲಿ ಶೇ. 55ರಷ್ಟು ನಾಲ್ಕೇ ದೇಶಗಳದ್ದು: ಸೌದಿ, ಯುಎಇ, ಕುವೈತ್, ಕತಾರ್.

ತೆರೆನೊರೆಯವರೇ, ಇಡೀ ಸಮುದ್ರವನ್ನು ಭಾಗಿಸುವ ಸಂಖ್ಯೆ ಮಾಡಿಕೊಂಡರೆ ನಿಮ್ಮ ಮಾತು ಸರಿ. ಆದರೆ ಮೀನು ಇರುವುದು ಸರಾಸರಿಯಲ್ಲಿ ಅಲ್ಲ.

ಪಂಪುಮನೆ
ನಾನು ಇಂಥ ಪ್ಲಾಂಟಿನಲ್ಲಿ ಆಪರೇಟರ್ ಆಗಿದ್ದವನು, ಹನ್ನೊಂದು ವರ್ಷ. ಮೇಷ್ಟ್ರು ಹೇಳಿದ ಕೊನೆಯ ಸಾಲನ್ನೇ ಮುಂದುವರಿಸುತ್ತೇನೆ.

ಬ್ರೈನ್ ಭಾರ. ಇದೊಂದು ಗೊತ್ತಾದರೆ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಚರಂಡಿ ನೀರು ಸಮುದ್ರಕ್ಕೆ ಬಿಟ್ಟರೆ ಮೇಲೆ ತೇಲುತ್ತದೆ, ಅಲೆ ಬಡಿದು ಬೆರೆಯುತ್ತದೆ. ಬ್ರೈನ್ ಹಾಗಲ್ಲ. ಸುಮ್ನೆ ಪೈಪ್ ಬಾಯಿಯಿಂದ ಬಿಟ್ಟರೆ ಕೆಳಗಿಳಿದು, ತಳದ ಇಳಿಜಾರು ಹಿಡಿದು, ಹಾಸಿಗೆ ಬಿಚ್ಚಿದ ಹಾಗೆ ಹರಡಿಕೊಳ್ಳುತ್ತದೆ. ಮೇಲಿನ ನೀರಿನ ಆಮ್ಲಜನಕ ಆ ಹಾಸಿಗೆ ದಾಟಿ ಕೆಳಗೆ ಇಳಿಯುವುದು ಕಷ್ಟ. ಮೀನಾದರೆ ಈಜಿ ಆಚೆ ಹೋಗುತ್ತದೆ. ಚಿಪ್ಪು, ಹುಳ, ಕಡಲಹುಲ್ಲು ಎಲ್ಲಿಗೆ ಹೋಗಬೇಕು?

ಅದಕ್ಕೇ ಈಗಿನ ಪ್ಲಾಂಟುಗಳಲ್ಲಿ ಡಿಫ್ಯೂಸರ್ ಇಡುತ್ತಾರೆ. ಪೈಪಿನ ತುದಿಯಲ್ಲಿ ಸಾಲಾಗಿ ನಳಿಕೆಗಳು. ಸುಮಾರು 60 ಡಿಗ್ರಿ ಓರೆಯಾಗಿ ಮೇಲಕ್ಕೆ ಚಿಮ್ಮಿಸುವುದು. ಕಾರಂಜಿ ತರಹ ಏರಿ ಬೀಳುವಷ್ಟರಲ್ಲಿ ಸುತ್ತಲಿನ ನೀರನ್ನು ಎಳೆದುಕೊಂಡು ತೆಳುವಾಗಿರುತ್ತದೆ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ಗಾಜಿನ ಡಬ್ಬದಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಹಾಕಿದ ನೀರು ತುಂಬಿ. ಬೇರೆ ಲೋಟದಲ್ಲಿ ಅದರ ಎರಡರಷ್ಟು ಉಪ್ಪು, ಎರಡು ಹನಿ ನೀಲಿ ಇಂಕು. ಒಮ್ಮೆ ಅಂಚಿನಿಂದ ಮೆಲ್ಲಗೆ ಸುರಿಯಿರಿ. ಇನ್ನೊಮ್ಮೆ ಸೂಜಿ ತೆಗೆದ ಸಿರಿಂಜಿನಲ್ಲಿ ಕೆಳಗಿನಿಂದ ಓರೆಯಾಗಿ ಒತ್ತಿ.

ಬಾವಿಕಪ್ಪೆ
ಭಾನುವಾರ ಮಾಡುತ್ತೇನೆ ಸರ್. ಸಿರಿಂಜ್ ಇದೆ.

ಚಿಪ್ಪಿನಹುಳ
ಹೆಸರೇ ಹೇಳುವ ಹಾಗೆ ನನ್ನ ಕೆಲಸ ಕಡಲ ತಳದ ಜೀವಿಗಳ ಮೇಲೆ. ಪಂಪುಮನೆಯವರು ಹೇಳಿದ ಕಡಲಹುಲ್ಲಿಗೆ ಒಂದು ಉದಾಹರಣೆ ಇಲ್ಲಿದೆ. ಮೆಡಿಟರೇನಿಯನ್ನಿನಲ್ಲಿ ಪೊಸಿಡೋನಿಯಾ ಅಂತ ಒಂದು ಹುಲ್ಲು. ಬಹಳ ನಿಧಾನಕ್ಕೆ ಬೆಳೆಯುತ್ತದೆ, ಒಮ್ಮೆ ಹೋದರೆ ಮತ್ತೆ ಹಬ್ಬಲು ತಲೆಮಾರುಗಳೇ ಬೇಕು. ಅಲ್ಲಿನ ನೀರಿನ ಉಪ್ಪು ಸಹಜವಾಗಿಯೇ ಲೀಟರಿಗೆ 37–38 ಗ್ರಾಂ. 39–40 ದಾಟಿ ಬಹಳ ದಿನ ನಿಂತರೆ ಎಲೆ ಕಪ್ಪಾಗಿ ಉದುರತೊಡಗುತ್ತದೆ. ಒಂದೆರಡು ಗ್ರಾಂ ವ್ಯತ್ಯಾಸ ಅಷ್ಟೇ, ನಾಲಿಗೆಗೆ ಗೊತ್ತೂ ಆಗಲ್ಲ. ಸ್ಪೇನಿನ ಅಲಿಕಾಂತೆಯಲ್ಲಿ ಹುಲ್ಲುಗಾವಲು ಉಳಿಸಲು ಬ್ರೈನಿಗೆ ಸಮುದ್ರದ ನೀರನ್ನೇ ಬೆರೆಸಿ ತೆಳು ಮಾಡಿ ಬಿಡುವ ಪದ್ಧತಿ ತಂದರು.

ಹಾಗಂತ ಎಲ್ಲೆಡೆ ಸರ್ವನಾಶ ಅಂತಲೂ ಅಲ್ಲ. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್ ಪ್ಲಾಂಟು 2015ರಲ್ಲಿ ಶುರುವಾಯಿತು. ಶುರುವಾಗುವ ಮುಂಚೆಯೂ ಆಮೇಲೂ ಅಲ್ಲಿ ಅಳತೆ ಮಾಡಿದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದವರು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಾಸ್ತಿ ಉಪ್ಪಿನ ನೀರು ದಡದಿಂದ 600 ಮೀಟರ್ ಆಚೆಗೂ ಹರಡಿತ್ತು, ಅನುಮತಿಗಿಂತ ದೂರ. ಆದರೆ ತಳದ ಜೀವಿಗಳಲ್ಲಿ ಎದ್ದು ಕಾಣುವ ಬದಲಾವಣೆ ಸಿಗಲಿಲ್ಲ. ಆ ಜಾಗ ಹಿಂದೆಯೇ ವಿದ್ಯುತ್ ಸ್ಥಾವರದ ನೀರಿನಿಂದ ಸಾಕಷ್ಟು ಕದಡಿಹೋಗಿತ್ತು ಅನ್ನುವುದನ್ನೂ ಮರೆಯುವ ಹಾಗಿಲ್ಲ. ಮೊದಲೇ ಬಡವಾಗಿದ್ದ ಜಾಗದಲ್ಲಿ ಇನ್ನು ಕಳೆದುಕೊಳ್ಳಲು ಏನಿರುತ್ತದೆ?

ತೆರೆನೊರೆ
ಅಂದರೆ ಡಿಫ್ಯೂಸರ್ ಇಟ್ಟರೆ ಸಮಸ್ಯೆ ಮುಗೀತು. ನಾನು ಹೇಳಿದ್ದೂ ಅದೇ.

ಚಿಪ್ಪಿನಹುಳ
ಅರ್ಧ ಮುಗೀತು. ನೀವೆಲ್ಲ ಹೊರಗೆ ಬಿಡುವ ಪೈಪನ್ನೇ ನೋಡುತ್ತಿದ್ದೀರಿ. ನನಗೆ ಜಾಸ್ತಿ ಚಿಂತೆ ಒಳಗೆ ಎಳೆಯುವ ಪೈಪಿನದು.

ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಲೀಟರಿಗಿಂತ ಹೆಚ್ಚು ಎಳೆಯಬೇಕು. ಆ ನೀರು ಖಾಲಿ ನೀರಲ್ಲ. ಮೀನಿನ ಮೊಟ್ಟೆ, ಏಡಿಯ ಮರಿ, ಕಣ್ಣಿಗೆ ಕಾಣದ ಲಾರ್ವಾ. ದೊಡ್ಡ ಮೀನು ಜಾಲರಿಗೆ ಒತ್ತಿಕೊಂಡು ಸಾಯುತ್ತದೆ, ಸಣ್ಣದು ಜಾಲರಿ ದಾಟಿ ಒಳಗೆ ಹೋಗುತ್ತದೆ. ಒಳಗೆ ಹೋದದ್ದು ಒಂದೂ ಬದುಕಿ ವಾಪಸ್ ಬರುವುದಿಲ್ಲ. ಫಿಲ್ಟರ್, ಒತ್ತಡ, ಕೆಮಿಕಲ್. ಬ್ರೈನ್ ಬಿಟ್ಟ ಜಾಗದಲ್ಲಿ ಸತ್ತ ಹುಲ್ಲಿನ ಫೋಟೋ ತೆಗೆಯಬಹುದು. ಹುಟ್ಟದೇ ಹೋದ ಮೀನಿನ ಫೋಟೋ ಹೇಗೆ ತೆಗೆಯುವುದು?

ದಾರಿ ಇಲ್ಲದಿಲ್ಲ. ಕ್ಯಾಲಿಫೋರ್ನಿಯಾದ 2015ರ ನಿಯಮದ ಪ್ರಕಾರ ನೀರನ್ನು ಮೊದಲ ಆಯ್ಕೆಯಾಗಿ ಸಮುದ್ರದ ತಳದ ಮರಳಿನ ಕೆಳಗಿಂದ ಎಳೆಯಬೇಕು. ಅದು ಆಗದ ಕಡೆ ಜಾಲರಿಯ ಕಿಂಡಿ 1 ಮಿಲಿಮೀಟರ್, ಜಾಲರಿಯಲ್ಲಿ ನೀರಿನ ವೇಗ ಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಮೀರಬಾರದು. ಅಷ್ಟು ನಿಧಾನವಾದರೆ ಮೀನು ಎದುರು ಈಜಿ ತಪ್ಪಿಸಿಕೊಳ್ಳುತ್ತದೆ. ಬ್ರೈನಿಗೂ ಮಿತಿ ಇದೆ: 100 ಮೀಟರ್ ಆಚೆ ಸಹಜ ಉಪ್ಪಿಗಿಂತ ಲೀಟರಿಗೆ 2 ಗ್ರಾಂ ಮಾತ್ರ ಜಾಸ್ತಿ ಇರಬಹುದು.

ಪಂಪುಮನೆ
ಮರಳಿನ ಕೆಳಗಿಂದ ಎಳೆಯುವುದು ನಮಗೂ ಇಷ್ಟ. ಮರಳೇ ಫಿಲ್ಟರ್, ನೀರು ಕನ್ನಡಿ ಹಾಗೆ ಬರುತ್ತದೆ. ಆದರೆ ತಳದಲ್ಲಿ ಸರಿಯಾದ ಮರಳು ಇರಬೇಕು. ಬಂಡೆ ಅಥವಾ ಕೆಸರಿದ್ದರೆ ಆಗಲ್ಲ. ದೊಡ್ಡ ಪ್ಲಾಂಟಿಗೆ ಬೇಕಾದಷ್ಟು ನೀರು ಹೀಗೆ ಸಿಗುವ ಕಡಲತೀರ ಕಮ್ಮಿ.

ತೆರೆದ ಬಾಯಿಯ ಪಾಡು ಏನು ಅಂತ ಒಂದು ರಾತ್ರಿಯ ಕಥೆ ಹೇಳುತ್ತೇನೆ. ಬೆಳಗಿನ ಜಾವ ಮೂರೂವರೆ. ಜಾಲರಿಯ ಎರಡು ಬದಿಯ ನೀರಿನ ಮಟ್ಟದಲ್ಲಿ ವ್ಯತ್ಯಾಸ ಏರತೊಡಗಿತು. ಅಲಾರಂ. ಹೋಗಿ ಟಾರ್ಚ್ ಬಿಟ್ಟರೆ ಜಾಲರಿಯೇ ಕಾಣುತ್ತಿಲ್ಲ, ಬರೀ ಲೋಳೆ. ಅಂಬಲಿಮೀನಿನ (ಜೆಲ್ಲಿಫಿಶ್) ಹಿಂಡು. ಗೋಣಿಚೀಲಕ್ಕೆ ತುಂಬಿ ತುಂಬಿ ಎತ್ತಿದೆವು, ಬೆಳಕು ಹರಿದರೂ ಮುಗಿಯಲಿಲ್ಲ. ಪಂಪ್ ನಿಲ್ಲಿಸಬೇಕಾಯಿತು. ಬೂಟಿನೊಳಗೆಲ್ಲ ಸೇರಿ ವಾರಗಟ್ಟಲೆ ಕಾಲು ತುರಿಕೆ. ಸಮುದ್ರಕ್ಕೆ ನಾವು ತೊಂದರೆ ಕೊಡುತ್ತೇವೆ ಅನ್ನುತ್ತೀರಿ, ಸರಿ. ಅದೂ ಸುಮ್ಮನಿರಲ್ಲ!

ಲೆಕ್ಕದಮೇಷ್ಟ್ರು
ಅಂಬಲಿಮೀನು ಒಂದು ರಾತ್ರಿಯ ಮಾತು. 2008–09ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ, ಒಮಾನ್ ಕಡೆಯಲ್ಲಿ ಕೆಂಪು ಪಾಚಿ ತಿಂಗಳುಗಟ್ಟಲೆ ಹಬ್ಬಿತ್ತು. ಪ್ಲಾಂಟುಗಳನ್ನೇ ಮುಚ್ಚಬೇಕಾಯಿತು. ಬರಗಾಲಕ್ಕೂ ಜಗ್ಗದ ನೀರು ಅಂತ ಹೇಳಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಅದೇ ಕೊಲ್ಲಿಯಲ್ಲಿ ತೆರೆನೊರೆಯವರ "ದೊಡ್ಡ ಸಮುದ್ರ" ಲೆಕ್ಕವೂ ಕೈ ಕೊಡುತ್ತದೆ. ಸರಾಸರಿ ಆಳ ಬರೀ 35 ಮೀಟರ್ ಆಸುಪಾಸು. ಹೊರಸಮುದ್ರಕ್ಕೆ ಒಂದೇ ಬಾಗಿಲು, ಹಾರ್ಮುಜ್ ಜಲಸಂಧಿ. ಬಿಸಿಲಿಗೆ ಆವಿಯಾಗಿ ಮೊದಲೇ ಉಪ್ಪು ಜಾಸ್ತಿ. ಉಪ್ಪು ಜಾಸ್ತಿಯಾದಷ್ಟೂ ಮುಂದಿನ ಲೀಟರ್ ತೆಗೆಯಲು ಕರೆಂಟೂ ಜಾಸ್ತಿ. ತಾವು ಬಿಟ್ಟದ್ದನ್ನೇ ಪಕ್ಕದವರು ಎಳೆದುಕೊಳ್ಳುವ ಪರಿಸ್ಥಿತಿ.

ಹನಿಹನಿ
ಕರೆಂಟಿನ ಮಾತು ಯಾರೂ ಎತ್ತಲೇ ಇಲ್ಲವಲ್ಲ ಅಂದುಕೊಳ್ಳುತ್ತಿದ್ದೆ. ಇದು ಕರೆಂಟು ಕುಡಿಯುವ ರಾಕ್ಷಸ ಅನ್ನುತ್ತಾರೆ. ನಿಜಾನಾ ಮೇಷ್ಟ್ರೇ?

ಲೆಕ್ಕದಮೇಷ್ಟ್ರು
ರಾಕ್ಷಸ ಹೌದೋ ಅಲ್ಲವೋ, ಯಾವುದರ ಪಕ್ಕ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ.

ಈಗಿನ ಒಳ್ಳೆಯ ಆರ್‌ಒ ಪ್ಲಾಂಟು 1000 ಲೀಟರಿಗೆ 3ರಿಂದ 4 ಯೂನಿಟ್ ತಿನ್ನುತ್ತದೆ. ಮೂರೂವರೆ ಅಂತ ಇಟ್ಟುಕೊಳ್ಳಿ. ಈಗ ಸ್ನಾನಕ್ಕೆ ಒಂದು ಬಕೆಟ್, 15 ಲೀಟರ್ ನೀರನ್ನು ಈಗಿರುವುದಕ್ಕಿಂತ 25 ಡಿಗ್ರಿ ಹೆಚ್ಚು ಬಿಸಿ ಮಾಡಿ. ಅದಕ್ಕೆ 0.44 ಯೂನಿಟ್ ಬೇಕು. ಅಷ್ಟೇ ಕರೆಂಟಿನಲ್ಲಿ ಸುಮಾರು 125 ಲೀಟರ್ ಸಮುದ್ರದ ನೀರು ಸಿಹಿಯಾಗುತ್ತದೆ. ನಾನು ಮೊದಲ ಸಲ ಈ ಲೆಕ್ಕ ಮಾಡಿದಾಗ ತಪ್ಪಾಗಿರಬೇಕು ಅಂತ ಮೂರು ಸಲ ಗುಣಿಸಿದೆ.

ಇನ್ನೊಂದು ಪಕ್ಕ ನಿಲ್ಲಿಸಿ. ಹತ್ತು ಲಕ್ಷ ಜನ, ತಲೆಗೆ ದಿನಕ್ಕೆ 150 ಲೀಟರ್. ಎಲ್ಲವೂ ಸಮುದ್ರದಿಂದಲೇ ಅಂದರೆ ದಿನಕ್ಕೆ 5.25 ಲಕ್ಷ ಯೂನಿಟ್. ಹಗಲೂ ರಾತ್ರಿ ನಿಲ್ಲದೆ ಸುಮಾರು 22 ಮೆಗಾವ್ಯಾಟ್. ಕಲ್ಲಿದ್ದಲಿನ ಕರೆಂಟಾದರೆ ಪ್ರತಿ 1000 ಲೀಟರಿಗೆ 3 ಕಿಲೋ ಇಂಗಾಲದ ಡೈಆಕ್ಸೈಡ್. ಹತ್ತಿರದ ಕೆರೆಯ ನೀರಿನ ಪಕ್ಕ ಇಟ್ಟರೆ ಇದು ರಾಕ್ಷಸನೇ.

ಆದರೆ ನೀರು ಕೆರೆಯಿಂದಲೇ ಬರುತ್ತದೆ ಅಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಡ್ಮನ್‌ಸ್ಟನ್ ಪಂಪಿಂಗ್ ಸ್ಟೇಷನ್ ಒಂದೇ ನೀರನ್ನು 587 ಮೀಟರ್ ಮೇಲಕ್ಕೆತ್ತುತ್ತದೆ. ಇಷ್ಟು ಎತ್ತಲು ಒಂದೊಂದು ಸಾವಿರ ಲೀಟರಿಗೂ ಎರಡು ಯೂನಿಟ್ ಹತ್ತಿರ ಬೇಕು. ದೂರದ ನದಿ ತಿರುಗಿಸಿ ತರುವವರು ಸಮುದ್ರದ ನೀರನ್ನು ದುಬಾರಿ ಅಂತ ಬೈಯುವ ಮುಂಚೆ ಬೆಟ್ಟದ ಎತ್ತರ ನೋಡಿಕೊಳ್ಳಬೇಕು.

ತೆರೆನೊರೆ
ತಂತ್ರಜ್ಞಾನ ಸುಧಾರಿಸುತ್ತದೆ. ಹತ್ತು ವರ್ಷದಲ್ಲಿ ಅರ್ಧ ಯೂನಿಟ್ಟಿಗೆ ಬರುತ್ತದೆ ಬಿಡಿ.

ಲೆಕ್ಕದಮೇಷ್ಟ್ರು
ಬರುವುದಿಲ್ಲ. ಉಪ್ಪನ್ನೂ ನೀರನ್ನೂ ಬೇರ್ಪಡಿಸಲು ಪ್ರಕೃತಿಯೇ ಒಂದು ಕನಿಷ್ಠ ಸುಂಕ ಇಟ್ಟಿದೆ. ಅರ್ಧ ನೀರು ತೆಗೆಯುವುದಾದರೆ ಅದು 1000 ಲೀಟರಿಗೆ ಸುಮಾರು 1.06 ಯೂನಿಟ್. ಯಾವ ಪೊರೆ ತಂದರೂ ಅದಕ್ಕಿಂತ ಕೆಳಗೆ ಇಳಿಯಲು ಆಗಲ್ಲ. ಈಗ ಪೊರೆಯ ಹಂತ ಒಂದರಲ್ಲೇ ಎರಡು, ಎರಡೂವರೆ ಯೂನಿಟ್‌ವರೆಗೆ ಇಳಿದಾಗಿದೆ. ದೊಡ್ಡ ಉಳಿತಾಯದ ಕಾಲ ಮುಗಿದಿದೆ.

ಪಂಪುಮನೆ
ಆ ಉಳಿತಾಯ ಹೇಗೆ ಬಂತು ಅಂತ ಹೇಳದೆ ಇರಲಾಗುತ್ತಿಲ್ಲ. 1960ರ ಹೊತ್ತಿಗೆ ಲಾಸ್ ಏಂಜಲೀಸಿನ ಯುಸಿಎಲ್‌ಎಯಲ್ಲಿ ಸಿಡ್ನಿ ಲೋಬ್, ಶ್ರೀನಿವಾಸ ಸೌರಿರಾಜನ್ ಇಬ್ಬರೂ ಸೇರಿ ಕೆಲಸಕ್ಕೆ ಬರುವಂಥ ಮೊದಲ ಪೊರೆ ಮಾಡಿದರು. ಪೊರೆ ಬಂದರೂ ಕರೆಂಟು ಪೋಲಾಗುತ್ತಿತ್ತು. ಯಾಕೆಂದರೆ ನೀರನ್ನು 55ರಿಂದ 70 ಬಾರ್ ಒತ್ತಡಕ್ಕೆ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಏರಿಸುತ್ತೇವೆ. ಅರ್ಧ ನೀರು ಪೊರೆ ದಾಟುತ್ತದೆ. ಉಳಿದ ಬ್ರೈನ್ ಅದೇ ಒತ್ತಡದಲ್ಲಿ ಹೊರಗೆ ಬರುತ್ತದೆ, ಸಿಟ್ಟು ಇಳಿಯದ ಗೂಳಿ ತರಹ. ಹಿಂದೆ ಅದನ್ನು ಹಾಗೇ ಬಿಟ್ಟುಬಿಡುತ್ತಿದ್ದರು. ಈಗ ಪ್ರೆಷರ್ ಎಕ್ಸ್‌ಚೇಂಜರ್ ಅಂತ ಬರುತ್ತದೆ. ಒಳಗೆ ಪಿಂಗಾಣಿಯ ಒಂದು ಉರುಳೆ ಗಿರಗಿರ ತಿರುಗುತ್ತಾ ಬ್ರೈನಿನ ಒತ್ತಡವನ್ನು ಹೊಸ ನೀರಿಗೆ ದಾಟಿಸುತ್ತದೆ. ಪಕ್ಕ ನಿಂತರೆ ಕಿವಿ ಗುಂಯ್ ಅನ್ನುತ್ತದೆ, ಕಿವಿಗೆ ಮಫ್ ಇಲ್ಲದೆ ಹೋಗುವ ಹಾಗಿಲ್ಲ.

ಹನಿಹನಿ
ಸೋಲಾರ್ ಹಾಕಿದರೆ?

ಪಂಪುಮನೆ
ಎಲ್ಲರೂ ಕೇಳುವ ಪ್ರಶ್ನೆ. ಪ್ಲಾಂಟಿಗೆ ನಿಲ್ಲಿಸಿ ಶುರು ಮಾಡುವುದು ಆಗಿಬರಲ್ಲ. ನಿಂತ ನೀರಿನಲ್ಲಿ ಪೊರೆಯ ಮೇಲೆ ಪಾಚಿ ಕೂರುತ್ತದೆ, ಉಪ್ಪು ಗಟ್ಟುತ್ತದೆ. ಹೀಗಾಗಿ ರಾತ್ರಿಯೂ ಕರೆಂಟು ಬೇಕು. ಆಸ್ಟ್ರೇಲಿಯಾದ ಪರ್ತಿನಲ್ಲಿ 2006ರಲ್ಲಿ ಶುರುವಾದ ಕ್ವಿನಾನಾ ಪ್ಲಾಂಟು ಎಮು ಡೌನ್ಸ್ ಅನ್ನುವ ಗಾಳಿ ವಿದ್ಯುತ್ ಕೇಂದ್ರದ ಜೊತೆ ಲೆಕ್ಕ ಹೊಂದಿಸಿಕೊಂಡಿತು. ಆ ಗಾಳಿಯ ಕರೆಂಟು ನೇರ ಪ್ಲಾಂಟಿಗೆ ಬರಲ್ಲ, ಗ್ರಿಡ್ಡಿಗೆ ಹೋಗುತ್ತದೆ. ಪ್ಲಾಂಟು ಗ್ರಿಡ್ಡಿನಿಂದ ತೆಗೆದುಕೊಳ್ಳುತ್ತದೆ. ಮೋಸ ಅಲ್ಲ, ಆದರೆ ಸೂರ್ಯ ಮುಳುಗಿದ ಮೇಲೆ, ಗಾಳಿ ನಿಂತ ಮೇಲೆ ಗ್ರಿಡ್ಡಿನಲ್ಲಿ ಏನು ಉರಿಯುತ್ತಿದೆ ಅಂತಲೂ ಕೇಳಬೇಕು.

ಅಂದ ಹಾಗೆ ಅಲ್ಲಿ ಬ್ರೈನ್ ಹೋಗುವುದು ಕೋಬರ್ನ್ ಸೌಂಡ್ ಅನ್ನುವ ಅರೆಮುಚ್ಚಿದ ಕೊಲ್ಲಿಗೆ. ತಳದ ಆಮ್ಲಜನಕ ಇಳಿದೀತು ಅಂತ ಬಹಳ ವಾದ ನಡೆದಿತ್ತು. ಅದಕ್ಕೇ ಅಲ್ಲಿ ತಳದ ನೀರಿನ ಆಮ್ಲಜನಕ ಅಳೆಯುತ್ತಲೇ ಇರುತ್ತಾರೆ.

ಅನುಮಾನರಾಯ
ಎಲ್ಲ ಓದಿದೆ. ನೀವೆಲ್ಲ ಪ್ಲಾಂಟ್ ಹೇಗಿರಬೇಕು ಅಂತ ಮಾತಾಡುತ್ತಿದ್ದೀರಿ. ಬೇಕಾ ಅಂತ ಯಾರೂ ಕೇಳುತ್ತಿಲ್ಲ.

ಮೆಲ್ಬರ್ನಿನವರು ದೊಡ್ಡ ಬರದಲ್ಲಿ ಹೆದರಿ ವಾಂಥಾಗಿಯಲ್ಲಿ ವರ್ಷಕ್ಕೆ 15,000 ಕೋಟಿ ಲೀಟರಿನ ಪ್ಲಾಂಟು ಕಟ್ಟಿದರು. 2012ರಲ್ಲಿ ಮುಗಿಯುವ ಹೊತ್ತಿಗೆ ಮಳೆ ಬಂದು ಅಣೆಕಟ್ಟು ತುಂಬಿತ್ತು. ವರ್ಷಗಟ್ಟಲೆ ಒಂದು ಹನಿಯನ್ನೂ ಕೇಳಲಿಲ್ಲ, ಒಪ್ಪಂದದ ದುಡ್ಡು ಮಾತ್ರ ಕಟ್ಟುತ್ತಿದ್ದರು. ಸಿಡ್ನಿಯದೂ 2010ರಲ್ಲಿ ಶುರುವಾಗಿ 2012ರಲ್ಲಿ ನಿಂತಿತು. ಮತ್ತೆ ಎಬ್ಬಿಸಿದ್ದು 2019ರಲ್ಲಿ.

ಅದೇ ನಮೀಬಿಯಾದ ವಿಂಡ್‌ಹುಕ್ ನೋಡಿ. ಎರಡು ಮರುಭೂಮಿಗಳ ನಡುವಿನ ಒಣ ಊರು. 1968ರಿಂದ ಚರಂಡಿ ನೀರನ್ನೇ ಶುದ್ಧ ಮಾಡಿ ಕುಡಿಯುತ್ತಿದ್ದಾರೆ. ಚರಂಡಿ ನೀರಿನಲ್ಲಿ ಉಪ್ಪು ಲೀಟರಿಗೆ ಒಂದು ಗ್ರಾಂ ಆಸುಪಾಸು, ಸಮುದ್ರದಲ್ಲಿ 35. ಕರೆಂಟು ಎಷ್ಟೋ ಕಮ್ಮಿ ಸಾಕು. ಪೈಪಿನಲ್ಲಿ ಸೋರುವ ನೀರಂತೂ ಬಿಡಿ. ಇದನ್ನೆಲ್ಲ ಮಾಡದೆ ಸಮುದ್ರಕ್ಕೆ ಪೈಪ್ ಇಡುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಹನಿಹನಿ
ಚರಂಡಿ ನೀರು ಅಂದ ತಕ್ಷಣ ಜನ ಮುಖ ಸಿಂಡರಿಸುತ್ತಾರಲ್ಲ.

ಅನುಮಾನರಾಯ
ಸಿಂಡರಿಸಲಿ. ಮೇಲಿನ ಊರಿನವರು ನದಿಗೆ ಬಿಟ್ಟದ್ದನ್ನು ಕೆಳಗಿನ ಊರಿನವರು ಕುಡಿಯುತ್ತಲೇ ಇದ್ದಾರೆ, ಹೆಸರು ಮಾತ್ರ ನದಿ.

ಚಿಪ್ಪಿನಹುಳ
ರಾಯರ ಮಾತಿಗೆ ಒಂದು ಸೇರಿಸುತ್ತೇನೆ. ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್‌ನಲ್ಲಿ ಇಂಥದ್ದೇ ಒಂದು ದೊಡ್ಡ ಯೋಜನೆ ಇತ್ತು. 2022ರ ಮೇ ತಿಂಗಳಲ್ಲಿ ಅಲ್ಲಿನ ಕರಾವಳಿ ಆಯೋಗ ಒಮ್ಮತದಿಂದ ಬೇಡ ಅಂದಿತು. ಅದೇ ಆರೆಂಜ್ ಕೌಂಟಿಯಲ್ಲಿ 2008ರಿಂದ ಚರಂಡಿ ನೀರು ಶುದ್ಧ ಮಾಡಿ ಅಂತರ್ಜಲಕ್ಕೆ ಇಳಿಸುವ ದೊಡ್ಡ ವ್ಯವಸ್ಥೆ ಓಡುತ್ತಿದೆ.

ಆದರೆ ಸಣ್ಣ ದ್ವೀಪದವರಿಗೆ ಈ ಉಪದೇಶ ಹೇಳಲು ನನಗೆ ಬಾಯಿ ಬರಲ್ಲ. ಅಂತರ್ಜಲ ಉಪ್ಪಾಗಿದೆ, ನದಿ ಇಲ್ಲ, ಮರುಬಳಕೆಗೂ ಮೊದಲು ಒಂದಷ್ಟು ನೀರು ಇರಬೇಕಲ್ಲ. ಲಕ್ಷದ್ವೀಪದ ಕವರಟ್ಟಿಯಲ್ಲಿ 2005ರಿಂದ ಬೇರೆ ದಾರಿ ಹಿಡಿದಿದ್ದಾರೆ. ಮೇಲಿನ ಬೆಚ್ಚನೆಯ ನೀರನ್ನು ಕಮ್ಮಿ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವುದು. ದಿನಕ್ಕೆ ಒಂದು ಲಕ್ಷ ಲೀಟರ್. ಎಳೆದ ನೀರಿನಲ್ಲಿ ಸಣ್ಣ ಪಾಲು ಮಾತ್ರ ಆವಿಯಾಗುವುದರಿಂದ ವಾಪಸ್ ಹೋಗುವ ನೀರಿನ ಉಪ್ಪು ಹೆಚ್ಚು ಏರುವುದಿಲ್ಲ. ದಡದ ಹತ್ತಿರವೇ ಸಮುದ್ರ ದಿಢೀರನೆ ಆಳವಾಗುವ ಕಡೆ ಮಾತ್ರ ಇದು ನಡೆಯುತ್ತದೆ.

ತೆರೆನೊರೆ
ಬ್ರೈನಿನಿಂದ ಲಿಥಿಯಂ ತೆಗೆದು ಮಾರಬಹುದು ಅಂತ ಓದಿದ್ದೆ. ಹಾಗಾದರೆ ಕಸವೇ ರಸ.

ಲೆಕ್ಕದಮೇಷ್ಟ್ರು
ಸಮುದ್ರದ ಲೀಟರಿನಲ್ಲಿ ಲಿಥಿಯಂ ಸುಮಾರು 0.17 ಮಿಲಿಗ್ರಾಂ. ಬ್ರೈನಿನಲ್ಲಿ ಅದರ ಎರಡರಷ್ಟು. ಒಂದು ಗ್ರಾಂ ಬೇಕಾದರೆ ಮೂರು ಸಾವಿರ ಲೀಟರ್ ಬ್ರೈನ್ ಜಾಲಾಡಬೇಕು. ಮೆಗ್ನೀಸಿಯಂ ಆದರೆ ಲೀಟರಿಗೆ 1.3 ಗ್ರಾಂ ಇದೆ, ಅದರಲ್ಲಿ ಅರ್ಥವಿದೆ. 1941ರಿಂದಲೇ ಟೆಕ್ಸಾಸಿನ ಫ್ರೀಪೋರ್ಟಿನಲ್ಲಿ ಸಮುದ್ರದ ನೀರಿನಿಂದ ಮೆಗ್ನೀಸಿಯಂ ತೆಗೆದಿದ್ದಾರೆ.

ತಮಾಷೆ ಏನಂದರೆ ಬ್ರೈನಿನಲ್ಲಿ ದಂಡಿಯಾಗಿರುವ ಆ ಮೆಗ್ನೀಸಿಯಂ ಕುಡಿಯುವ ನೀರಿನಲ್ಲಿ ಇರುವುದೇ ಇಲ್ಲ. ಇಸ್ರೇಲಿನ ಅಶ್ಕೆಲೋನ್ ಪ್ಲಾಂಟು 2005ರಲ್ಲಿ ಶುರುವಾದ ಮೇಲೆ ಆ ನೀರು ಹರಿಸಿದ ಬೆಳೆಗಳಲ್ಲಿ ಮೆಗ್ನೀಸಿಯಂ ಕೊರತೆ ಕಾಣಿಸಿತು. ಸಮುದ್ರದ ನೀರಿನಲ್ಲೇ ಇರುವ ಬೋರಾನ್ ಅನ್ನುವ ಧಾತು ಇದಕ್ಕೆ ತಿರುಗಾ ಮುರುಗಾ: ಅದು ಪೊರೆಯನ್ನು ಸುಲಭವಾಗಿ ದಾಟಿ ಬರುತ್ತದೆ, ನಿಂಬೆ ಜಾತಿಯ ಗಿಡಗಳಿಗೆ ಆಗಿಬರಲ್ಲ. ಬೋರಾನ್ ತೆಗೆಯಲು ಪೊರೆಯಲ್ಲಿ ಇನ್ನೊಂದು ಸುತ್ತು, ಇನ್ನಷ್ಟು ಕರೆಂಟು.

ಪಂಪುಮನೆ
ಕೆಮಿಕಲ್ ಬಗ್ಗೆ ಬಾವಿಕಪ್ಪೆಯವರು ಕೇಳಿದ್ದರು. ಚುಟುಕಾಗಿ. ಪಾಚಿ ಕೊಲ್ಲಲು ಕ್ಲೋರಿನ್, ಆದರೆ ಕ್ಲೋರಿನ್ ಪೊರೆಯನ್ನೇ ತಿನ್ನುತ್ತದೆ, ಹೀಗಾಗಿ ಅದನ್ನು ಸಾಯಿಸಲು ಬೈಸಲ್ಫೈಟ್. ಕೆಸರು ಕೂರಿಸಲು ಫೆರಿಕ್ ಕ್ಲೋರೈಡ್. ಫಿಲ್ಟರ್ ತೊಳೆದ ನೀರನ್ನು ಹಾಗೇ ಬಿಟ್ಟರೆ ಸಮುದ್ರ ತುಕ್ಕು ಬಣ್ಣಕ್ಕೆ ತಿರುಗುತ್ತದೆ. ಒಳ್ಳೆಯ ಪ್ಲಾಂಟಿನಲ್ಲಿ ಆ ಕೆಸರನ್ನು ಬೇರ್ಪಡಿಸಿ ಒಣಗಿಸಿ ಲಾರಿಯಲ್ಲಿ ಸಾಗಿಸುತ್ತಾರೆ. ನಾನಿದ್ದ ಕಡೆ ಮೊದಲೆರಡು ವರ್ಷ ಹಾಗಿರಲಿಲ್ಲ. ಪೈಪಿನ ಬಾಯಲ್ಲಿ ಕೆಂಪು ಪಟ್ಟೆ ದಡದಿಂದಲೇ ಕಾಣುತ್ತಿತ್ತು. ದೋಣಿಯವರು ಬಂದು ಗಲಾಟೆ ಮಾಡಿದ ಮೇಲೆ ಸರಿ ಮಾಡಿದರು. ಆ ಕೆಂಪು ವಿಷವಲ್ಲ ಅಂತ ಅವರಿಗೆ ಸಮಜಾಯಿಷಿ ಹೇಳಲು ಕಳಿಸಿದ್ದು ನನ್ನನ್ನೇ. ಹೇಳಿದೆ. ನನಗೇ ನಾಚಿಕೆಯಾಗಿತ್ತು.

ಪೊರೆಗಳೂ ಐದರಿಂದ ಏಳು ವರ್ಷಕ್ಕೆ ಮುಗಿಯುತ್ತವೆ. ಎಂಟು ಇಂಚು ದಪ್ಪ, 40 ಇಂಚು ಉದ್ದದ ಉರುಳೆಗಳು. ದೊಡ್ಡ ಪ್ಲಾಂಟಿನಲ್ಲಿ ಸಾವಿರಗಟ್ಟಲೆ. ಹೆಚ್ಚಿನವು ಕಸದ ಗುಂಡಿಗೇ.

ಬಾವಿಕಪ್ಪೆ
ಭಾನುವಾರ ಆಯಿತು. ವರದಿ ಒಪ್ಪಿಸುತ್ತೇನೆ.

ಹಳೆಯ ಮೀನಿನ ತೊಟ್ಟಿ ಸಿಕ್ಕಿತು. ತಳದಲ್ಲಿ ಒಂದು ಚಿಪ್ಪು ಇಟ್ಟೆ. ಮೊದಲ ಸಲ ಅಂಚಿನಿಂದ ಮೆಲ್ಲಗೆ ಸುರಿದೆ. ನೀಲಿ ನೀರು ಗಾಜಿಗೆ ಅಂಟಿಕೊಂಡೇ ಇಳಿಯಿತು, ತಳದಲ್ಲಿ ಬೆರಳು ದಪ್ಪದ ಹಾಳೆಯಾಗಿ ಹರಿಯಿತು. ಅರ್ಧ ನಿಮಿಷದಲ್ಲಿ ಚಿಪ್ಪು ಮುಚ್ಚಿಹೋಯಿತು. ಊಟ ಮುಗಿಸಿ ಬಂದರೂ ಹಾಳೆ ಹಾಗೇ ಇತ್ತು, ಮೇಲಿನ ನೀರು ತಿಳಿ.

ನೀರು ಬದಲಿಸಿ ಸಿರಿಂಜಿನಲ್ಲಿ ಒತ್ತಿದೆ. ಚಿಮ್ಮಿ, ಬಾಗಿ, ಹೊಗೆ ತರಹ ಅಂಚು ಬಿಚ್ಚಿಕೊಂಡು ಬಿತ್ತು. ಚಿಪ್ಪು ತೆಳು ನೀಲಿಯಲ್ಲಿ ಪೂರ್ತಿ ಕಾಣುತ್ತಿತ್ತು. ಖುಷಿಯಾಗಿ ಹತ್ತು ಹನ್ನೆರಡು ಸಿರಿಂಜು ಹಾಕಿದೆ. ಆಗ ನೋಡಿದರೆ ಇಡೀ ತೊಟ್ಟಿಯೇ ನೀಲಿ.

ತೆರೆನೊರೆ
ನಿಮ್ಮ ತೊಟ್ಟಿ ಚಿಕ್ಕದು ಸ್ವಾಮಿ.

ಲೆಕ್ಕದಮೇಷ್ಟ್ರು
ಕೊಲ್ಲಿಯವರೂ ಅದನ್ನೇ ಹೇಳುತ್ತಿದ್ದಾರೆ.

ಪಂಪುಮನೆ
ಚೆನ್ನಾಗಿ ಮಾಡಿದ್ದೀರಿ. ಈಗ ಸಿರಿಂಜಿಗೆ ಸೂಜಿ ಹಾಕಿ ಒತ್ತಿ ನೋಡಿ. ಕಿಂಡಿ ಸಣ್ಣದಾದರೆ ಇನ್ನೂ ಚೆನ್ನಾಗಿ ಬೆರೆಯುತ್ತದೆ.

ಬಾವಿಕಪ್ಪೆ
ಹಾಕಿದೆ ಸರ್. ಬೆರೆಯುವುದೇನೋ ಹೌದು, ನೀಲಿ ಕಾಣುವುದೇ ಇಲ್ಲ. ಆದರೆ ಒಂದು ಸಿರಿಂಜು ಖಾಲಿ ಮಾಡುವಷ್ಟರಲ್ಲಿ ಹೆಬ್ಬೆರಳು ಬಿದ್ದುಹೋಯಿತು.

ಪಂಪುಮನೆ
ಆ ಹೆಬ್ಬೆರಳಿನ ಕೆಲಸವನ್ನು ನಮ್ಮಲ್ಲಿ ಪಂಪ್ ಮಾಡುತ್ತದೆ. ಮೀಟರ್ ಓಡುತ್ತಿರುತ್ತದೆ.

ಬಾವಿಕಪ್ಪೆ
ಅರ್ಥವಾಯಿತು. ಮುಂದಿನ ವಾರ ತಳಕ್ಕೆ ಮರಳು ಹಾಕಿ, ಅದರ ಕೆಳಗಿಂದ ನೀರು ಎಳೆಯಲು ನೋಡುತ್ತೇನೆ. ಎಷ್ಟು ದಪ್ಪ ಹಾಕಬೇಕು, ಯಾರಾದರೂ ಹೇಳಿ.